ಏಳು ಸುತ್ತಿನ ಬಿಳಿ ಊರು

ಪ್ರಶ್ನೆ: ಮಗಳು ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದುತ್ತಿದ್ದಾಳೆ. ಅದರಲ್ಲಿ ಮಿನಾಸ್ ತಿರಿತ್ ಅನ್ನೋ ಊರಿಗೆ ಏಳು ಸುತ್ತು ಗೋಡೆ ಇದೆಯಂತೆ. ‘ನಮ್ಮ ದುರ್ಗದ ಕೋಟೆ ನೋಡಿ ಬರೆದದ್ದಾ ಅಪ್ಪ?’ ಅಂತ ಕೇಳುತ್ತಾಳೆ. ಏನು ಹೇಳಲಿ?
– ಓದುಗರು, ಚಿತ್ರದುರ್ಗ

ಉತ್ತರ: ಮಗಳ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಕಾಲೇಜಿನಲ್ಲಿದ್ದಾಗ ನಾನೂ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಊರಿನ ನಕ್ಷೆ ಬರೆಯಲು ಕೂತಿದ್ದೆ. ಬಾಗಿಲುಗಳನ್ನೆಲ್ಲ ಒಂದೇ ಸಾಲಿಗೆ ಬರೆದುಬಿಟ್ಟಿದ್ದೆ. ಪುಸ್ತಕ ಮತ್ತೆ ತೆಗೆದು ನೋಡಿ ಎಲ್ಲ ಅಳಿಸಬೇಕಾಯಿತು. ಹೆಬ್ಬಾಗಿಲು ಪೂರ್ವಕ್ಕಿದ್ದರೆ ಎರಡನೆಯದು ಆಗ್ನೇಯಕ್ಕೆ, ಮೂರನೆಯದು ಈಶಾನ್ಯಕ್ಕೆ, ಹೀಗೇ ಮೇಲಿನವರೆಗೂ. ಒಂದು ಬಾಗಿಲು ಒಡೆದು ನುಗ್ಗಿದವನಿಗೆ ಎದುರಿಗೇ ಇನ್ನೊಂದು ಸಿಗುವುದಿಲ್ಲ. ದಾರಿ ಬೆಟ್ಟದ ಮೈಮೇಲೆ ಅತ್ತಿಂದಿತ್ತ ಹಾಯುತ್ತದೆ. ನಡುವೆ ಹಡಗಿನ ಮೂತಿಯಂಥ ದೊಡ್ಡ ಬಂಡೆ ಅಡ್ಡ ಬಂದಾಗಲೆಲ್ಲ ಅದನ್ನೇ ಕೊರೆದು ದಾರಿ ಬಿಡಿಸಿದ್ದಾರೆ. ಹೆಬ್ಬಾಗಿಲಿನಿಂದ ತುದಿಯ ಅಂಗಳಕ್ಕೆ 700 ಅಡಿ ಎತ್ತರ. ದುರ್ಗದ ಬಾಗಿಲುಗಳಲ್ಲಿ ತಿರುತಿರುಗಿ ಹತ್ತಿದ ನಿಮ್ಮ ಮಗಳಿಗೆ ಈ ಲೆಕ್ಕಾಚಾರ ತಟ್ಟನೆ ಅರ್ಥವಾಗಿರಬೇಕು, ಅಲ್ವಾ?

ಆದರೆ ದುರ್ಗ ನೋಡಿ ಬರೆದದ್ದು ಅನ್ನಲು ಆಧಾರವಿಲ್ಲ. ಏಳು ಸುತ್ತಿನ ಊರು ಗ್ರೀಕರ ಹಳೇ ಇತಿಹಾಸಕಾರ ಹೆರೊಡೊಟಸ್ ಬರಹದಲ್ಲೇ ಇದೆ. ಅದರ ಹೆಸರು ಎಕ್ಬಟಾನಾ, ಈಗಿನ ಇರಾನಿನಲ್ಲಿ. ಒಂದೊಂದು ಸುತ್ತಿನ ತೆನೆಗೂ ಒಂದೊಂದು ಬಣ್ಣ, ಕೊನೆಯೆರಡಕ್ಕೆ ಬೆಳ್ಳಿ, ಬಂಗಾರ. ಇನ್ನು ಮಿನಾಸ್ ತಿರಿತ್ ಊರಿನ ಜನ ಎಂಥವರು ಅನ್ನುವುದಕ್ಕೆ ಟೋಲ್ಕಿನ್ 1958ರ ಒಂದು ಪತ್ರದಲ್ಲಿ ಹಳೇ ಈಜಿಪ್ಟಿನವರನ್ನು ನೆನೆಯುತ್ತಾರೆ. ಭಾರಿ ಕಟ್ಟಡಗಳ ಮೋಹ, ವಂಶಾವಳಿಯ ಹುಚ್ಚು, ಗೋರಿಗಳ ಮೇಲಿನ ಆಸೆ.

ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಗೋಡೆಗಳಿಗಿಂತ ಜಾಸ್ತಿ, ಆ ಗೋಡೆಗಳ ಒಳಗಿನ ಖಾಲಿತನ. ಊರಿನಲ್ಲಿ ಹಿಡಿಸುವಷ್ಟು ಜನರಲ್ಲಿ ಅರ್ಧದಷ್ಟೇ ಇದ್ದಾರೆ. ದೊಡ್ಡ ದೊಡ್ಡ ಮನೆಗಳ ಬಾಗಿಲ ಮೇಲೆ ಹಳೇ ಲಿಪಿಯಲ್ಲಿ ಚೆಂದದ ಅಕ್ಷರ ಕೆತ್ತಿದೆ, ಒಳಗೆ ಸದ್ದಿಲ್ಲ. ಮಕ್ಕಳೂ ಕಡಿಮೆ. ಹಳೇ ರಾಜರು ಬದುಕಿರುವವರ ಮನೆಗಿಂತ ಚೆಂದಾಗಿ ಗೋರಿ ಕಟ್ಟಿಸಿಕೊಂಡವರು. ಸಭಾಂಗಣದಲ್ಲಿ ಪರದೆಯಿಲ್ಲ, ಮರದ ಸಾಮಾನಿಲ್ಲ, ಬರೀ ಕಲ್ಲು. ಎತ್ತರದ ಮೆಟ್ಟಿಲುಗಳ ಮೇಲೆ ಸಿಂಹಾಸನ ಖಾಲಿ. ಊರು ಆಳುವ ಪ್ರತಿನಿಧಿ ಕೂರುವುದು ತೀರಾ ಕೆಳಗಿನ ಮೆಟ್ಟಿಲ ಮೇಲೆ, ಒಂದು ಕೆತ್ತನೆಯೂ ಇಲ್ಲದ ಕಪ್ಪು ಕಲ್ಲಿನ ಕುರ್ಚಿಯಲ್ಲಿ. ಹೀಗೆ ರಾಜನಿಲ್ಲದೆ ಆಳಿದವರು 26 ಮಂದಿ! ಅಂಗಳದ ಕಾರಂಜಿಯ ಪಕ್ಕ ಒಣಗಿದ ಬಿಳಿ ಮರವೊಂದಿದೆ. ಅದರ ಸಸಿ ಎಲ್ಲೂ ಸಿಗಲಿಲ್ಲವೆಂದು ಅದನ್ನು ಹಾಗೇ ನಿಲ್ಲಿಸಿಕೊಂಡಿದ್ದಾರೆ. ಒಂದು ಊರಿನ ಸಂಕಟವನ್ನು ಇಷ್ಟು ಚೆನ್ನಾಗಿ ಕಲ್ಲು, ಕುರ್ಚಿ, ಮರದಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಮುಂದೇನಾಗುತ್ತದೆ ಅಂತ ಇಲ್ಲಿ ಹೇಳುವುದಿಲ್ಲ, ಮಗಳು ಇನ್ನೂ ಓದುತ್ತಿದ್ದಾಳಲ್ಲ. ಅವಳೂ ನಕ್ಷೆ ಬರೆದರೆ ಹಸಿರು ಪೆನ್ಸಿಲ್ ಒಂದು ಕೊಡಿ. ಆರನೇ ಸುತ್ತಿನಲ್ಲಿ, ಗೋಡೆಗೆ ಹೊಂದಿಕೊಂಡು, ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಗಳಿವೆ. ಅವುಗಳ ಸುತ್ತ ಹುಲ್ಲು, ಮರ, ಒಂದು ತೋಟ. ಇಡೀ ಊರಿನಲ್ಲಿ ಅಂಥ ಜಾಗ ಅದೊಂದೇ.