ಆಗಸ್ಟ್‌ನಲ್ಲಿ ಆನೆಗುಂದಿ ರೆಸಾರ್ಟಾ? ಬೇಡ ಬಿಡಿ

ಬಳ್ಳಾರಿಯಿಂದ ಮನೆಮಂದಿಯೆಲ್ಲ ಹಂಪಿ ಎದುರು ದಡದ ಆನೆಗುಂದಿ ಕಡೆ ಬೆಟ್ಟದ ರೆಸಾರ್ಟಿಗೆ ಹೋಗಬೇಕು, ವರ್ಷಪೂರ್ತಿ ಹರಗೋಲು, ಬಂಡೆ ಹತ್ತೋದು ಎಲ್ಲ ಇದೆಯಂತೆ, ಆಗಸ್ಟ್‌ನಲ್ಲಿ ರೇಟೂ ಕಮ್ಮಿ ಅಂದಿದ್ದೀರಿ. ಅದೇ ರೇಟು ನೋಡಿಯೇ ನಾನೂ ಹೋಗಿದ್ದೆ.

ಜಾಗ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಸುತ್ತ ಭತ್ತದ ಗದ್ದೆ, ಹಿಂದೆ ಬಂಡೆಗುಡ್ಡ, ಹುಲ್ಲು ಹೊದಿಸಿದ ಗುಡಿಸಲು. ಬೆಳಿಗ್ಗೆ ಎದ್ದು ಹರಗೋಲು ಎಲ್ಲಪ್ಪಾ ಅಂದರೆ ಅಲ್ಲಿನ ಹುಡುಗ ಅಂಗಳಕ್ಕೆ ಕೈ ತೋರಿಸಿದ. ಬೋರಲು ಹಾಕಿದ್ದರು. ಅದರ ಕೆಳಗೆ ಕೋಳಿಯೊಂದು ಮರಿಗಳನ್ನು ಕಟ್ಟಿಕೊಂಡು ಕೂತಿತ್ತು. ‘ಡ್ಯಾಮಿಂದ ನೀರು ಬಿಟ್ಟಾರ್ರೀ ಸರ್, ಹೊಳಿಗೆ ಇಳಿಯಂಗಿಲ್ಲ.’

ನಮ್ಮದು ಸಿರುಗುಪ್ಪ ಕಡೆ ಕಾಲುವೆ ಜಮೀನು. ಪೇಪರ್ ಬಂದ ಕೂಡಲೇ ಅಪ್ಪ ಓದೋದು ತುಂಗಭದ್ರಾ ಡ್ಯಾಮಿನ ಮಟ್ಟ. 1633 ಅಡಿ ತುಂಬಿತು, ಒಳಹರಿವು ನಿಲ್ಲಲಿಲ್ಲ ಅಂದರೆ ಹೊಳೆಗೆ ಗೇಟ್ ತೆಗೀತಾರೆ. ಚಿಕ್ಕಂದಿನಿಂದ ಗೊತ್ತಿರೋ ವಿಷಯ. ಆದರೆ ನನ್ನ ತಲೆಯಲ್ಲಿ ಡ್ಯಾಮ್ ಅಂದರೆ ಗದ್ದೆ ಅಷ್ಟೇ. ಆ ನೀರು ಆನೆಗುಂದಿ ಮುಂದೆಯೇ ಹರಿದು ಹೋಗಬೇಕು ಅನ್ನೋದು ಹೊಳೆಯಲೇ ಇಲ್ಲ. ಫೋನಿನಲ್ಲಿ ಕೇಳಿದ್ದಾದರೂ ಏನು? ‘ಎಲ್ಲ ಆಕ್ಟಿವಿಟಿ ಇದಾವಾ?’ ‘ಇದಾವೆ ಸರ್.’ ಅವರು ಸುಳ್ಳೇನೂ ಹೇಳಿರಲಿಲ್ಲ, ಹರಗೋಲೂ ಇತ್ತು, ಹಗ್ಗವೂ ಇತ್ತು. ಈ ವಾರ ಹೊಳೆಗೆ ಇಳಿಸ್ತೀರಾ, ಮಳೆ ಬಿದ್ದರೆ ಬಂಡೆ ಹತ್ತಿಸ್ತೀರಾ, ಇಲ್ಲಾಂದ್ರೆ ದುಡ್ಡು ವಾಪಸ್ ಕೊಡ್ತೀರಾ ಅಂತ ಕೇಳಬೇಕಿತ್ತು. ಪ್ಯಾಕೇಜ್ ದುಡ್ಡು ಪೂರ್ತಿ ಕಟ್ಟಿಬಿಟ್ಟಿದ್ದೆ. ಒಂದು ಪೈಸೆ ವಾಪಸ್ ಬರಲಿಲ್ಲ. ನೆಂದ ಬಂಡೆ ಜಾರುತ್ತೆ ಅಂತ ಗುಡ್ಡವೂ ಹತ್ತಿಸಲಿಲ್ಲ. ಹೊಳೆ ನಡುಗಡ್ಡೆಯ ನವಬೃಂದಾವನಕ್ಕೆ ದೋಣಿಯೂ ಬಂದ್. ಬರುವಾಗ ಕಂಪ್ಲಿ ಸೇತುವೆ ಮೇಲೆ ನೀರು, ಬುಕ್ಕಸಾಗರದ ಕಡೆಯಿಂದ ಸುತ್ತಿ ಬಂದೆವು.

ಹೊಳೆ ಬಂದ್ ಇದ್ದರೆ ಸಾಣಾಪುರ ಕೆರೆಗೆ ಕರೆದೊಯ್ತೀವಿ ಅಂತಾರೆ. ನೋಡಿ ಬನ್ನಿ, ಆದರೆ ಮಕ್ಕಳನ್ನು ನೀರಿಗೆ ಮಾತ್ರ ಬಿಡಬೇಡಿ. ಅಲ್ಲಿ ಮುಳುಗಿ ಸತ್ತವರಿದ್ದಾರೆ.

ನನ್ನ ಕೇಳಿದರೆ ವರ್ಷಪೂರ್ತಿ ಅನ್ನೋದೇ ನಮ್ಮ ಸೀಮೆಗೆ ಒಗ್ಗದ ಮಾತು. ಏಪ್ರಿಲ್-ಮೇನಲ್ಲಿ ಹಗಲೆಲ್ಲ ಕಾದ ಬಂಡೆ ರಾತ್ರಿ ಊಟವಾದ ಮೇಲೂ ಬಿಸಿ ಉಗುಳುತ್ತೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ, ರೇಟು ಜಾಸ್ತಿಯಾದರೂ ಪರವಾಗಿಲ್ಲ. ಆಗಸ್ಟೇ ಆಗಬೇಕು ಅಂದರೆ ರೆಸಾರ್ಟ್ ಯಾಕೆ? ಸಂಡೂರಿಗೆ ಹೋಗಿ. ಮಳೆಗಾಲದಲ್ಲಿ ಆ ಗುಡ್ಡಗಳ ಹಸಿರು ನೋಡಬೇಕು. ನಾರಿಹಳ್ಳ ಡ್ಯಾಮು, ಕುಮಾರಸ್ವಾಮಿ ಗುಡಿ ನೋಡಿಕೊಂಡು ರಾತ್ರಿ ಮನೆಗೆ ಬಂದು ಮಲಗಬಹುದು. ಮಕ್ಕಳಿಗೆ ಕರಡಿ ತೋರಿಸಬೇಕಾ? ಇನ್ನೊಂದು ದಿನ ಮಧ್ಯಾಹ್ನದ ಮೇಲೆ ದರೋಜಿ ಕರಡಿಧಾಮಕ್ಕೆ ಹೋಗಿ, ಅಲ್ಲಿ ವಾಚ್‌ಟವರ್ ಇದೆ.

ನಿಮ್ಮ ತಂದೆಗೆ ಮಂಡಿನೋವು ಅಂದಿರಲ್ಲ, ಆನೆಗುಂದಿಗೆ ಹೋದಾಗ ನೋಡೋ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಅವರನ್ನು ಪಂಪಾ ಸರೋವರದ ಹತ್ತಿರ ನೆರಳಲ್ಲಿ ಕೂರಿಸಿ ನೀವು ಹತ್ತಿ ಬನ್ನಿ. ಗುಡಿಸಲಲ್ಲಿ ಚಾಪೆ ಮೇಲೆ ಮಲಗಿಸೋದಾದರೆ ಅವರಿಗೊಂದು ಮಂಚ ಬೇಕು ಅಂತ ಮೊದಲೇ ಹೇಳಿಡಿ.