ಪ್ರವಾಸ ಆಮೇಲೆ, ಮೊದಲು ತಂಡದವರ ಸಮಯ ಕೇಳಿ ಪಡೆಯಿರಿ

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರ ಉತ್ಪಾದನಾ ವಿಭಾಗದಲ್ಲಿದ್ದೇನೆ. ಹೊಸ ಗ್ರಾಹಕರಿಗೆ ಪಂಪಿನ ಬಿಡಿಭಾಗವೊಂದನ್ನು ನಾಲ್ಕು ತಿಂಗಳಲ್ಲಿ ಸಿದ್ಧಪಡಿಸಬೇಕು. ಡಿಸೈನ್, ಕ್ವಾಲಿಟಿ, ಪರ್ಚೇಸ್ ವಿಭಾಗಗಳವರು ಮತ್ತು ನಾನು ಸೇರಿ ಒಂಬತ್ತು ಜನರ ತಂಡ, ನಾನೇ ಮುಖ್ಯಸ್ಥ. ಮೊದಲ ಸಭೆಯಲ್ಲೇ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು. ಇನ್ನೂ ಐದು ಜನರನ್ನು ಕೊಡುತ್ತೇವೆ ಎನ್ನುತ್ತಿದೆ ಆಡಳಿತ. ಎಲ್ಲರನ್ನೂ ಎರಡು ದಿನ ಚಿಕ್ಕಮಗಳೂರಿಗೆ ಕರೆದೊಯ್ದರೆ ಒಗ್ಗಟ್ಟು ಮೂಡೀತೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಪ್ರವಾಸದಿಂದ ಪರಿಚಯ ಬೆಳೆಯುತ್ತದೆ, ನಿಜ. ಆದರೆ ನಿಮ್ಮ ಸಭೆಯ ಜಗಳಕ್ಕೆ ಪರಿಚಯದ ಕೊರತೆ ಕಾರಣವಲ್ಲ. ನಿಮ್ಮ ತಂಡದ ಬಹುತೇಕರಿಗೆ ಇಬ್ಬರು ಯಜಮಾನರು. ಕೆಲಸ ಹೇಳುವವರು ನೀವು, ರಜೆ ಮತ್ತು ಬಡ್ತಿ ಕೊಡುವವರು ಅವರ ವಿಭಾಗದ ಮುಖ್ಯಸ್ಥರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಇಲ್ಲಿ ಸೊರಗುವುದು ನಿಮ್ಮ ಬಿಡಿಭಾಗ.

ಹಾಗಾಗಿ ಈ ವಾರವೇ ಆ ಮುಖ್ಯಸ್ಥರ ಬಳಿ ಒಬ್ಬೊಬ್ಬರಾಗಿ ಹೋಗಿ. ‘ಸಹಕಾರ ಕೊಡಿ ಸಾರ್’ ಎಂದಷ್ಟೇ ಹೇಳಿ ಬರಬೇಡಿ. ‘ಕೊಡೋಣ’ ಎಂಬ ಮಾತು ಸಿಗುತ್ತದೆ, ಮನುಷ್ಯರು ಸಿಗುವುದಿಲ್ಲ. ವಾರಕ್ಕೆ ಎಷ್ಟು ಗಂಟೆ, ಯಾವ ದಿನಗಳು, ತಿಂಗಳ ಕೊನೆಯ ಒತ್ತಡದಲ್ಲಿ ಯಾರ ಕೆಲಸ ಮೊದಲು ಎಂಬುದನ್ನು ಬರಹದಲ್ಲಿ ಪಡೆಯಿರಿ. ಮುಜುಗರವಾಗುತ್ತದೆ, ಆದರೂ ಕೇಳಿ. ತಂಡಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಹಾರ್ವರ್ಡ್‌ನ ರಿಚರ್ಡ್ ಹ್ಯಾಕ್‌ಮನ್ ಅವರ ಅಂದಾಜಿನಂತೆ, ತಂಡದ ಫಲಿತಾಂಶದಲ್ಲಿ ಶೇ 60ರಷ್ಟು ನಿರ್ಧಾರವಾಗುವುದು ಕೆಲಸಕ್ಕೆ ಮುಂಚಿನ ತಯಾರಿಯಿಂದ, ಶೇ 30ರಷ್ಟು ಆರಂಭಿಸಿದ ರೀತಿಯಿಂದ. ನಡುವೆ ಮುಖ್ಯಸ್ಥ ಮಾಡುವ ಮಾರ್ಗದರ್ಶನದ ಪಾಲು ಶೇ 10 ಮಾತ್ರ.

ಹೆಚ್ಚುವರಿ ಐವರು ಬೇಡ. ಒಂಬತ್ತು ಜನರ ನಡುವೆ 36 ಜೋಡಿಗಳಾಗುತ್ತವೆ, ಹದಿನಾಲ್ಕು ಜನರಾದರೆ 91. ಅಷ್ಟೂ ಕಡೆ ಮಾತು ತಲುಪಿಸುವುದರಲ್ಲೇ ನಿಮ್ಮ ದಿನ ಮುಗಿಯುತ್ತದೆ.

ಮುಂದಿನ ಸಭೆಯಲ್ಲಿ ಗುರಿಯನ್ನು ಅಳೆಯುವಂತೆ ಹೇಳಿ: ಯಾವ ತಾರೀಕಿಗೆ ಎಷ್ಟು ಸ್ಯಾಂಪಲ್ ಗ್ರಾಹಕರ ತಪಾಸಣೆಯಲ್ಲಿ ಪಾಸಾಗಬೇಕು? ಕಚ್ಚಾ ಮಾಲು ತಡವಾದರೆ ಬೇರೆ ಕಡೆಯಿಂದ ತರಿಸುವ ಅಧಿಕಾರ ಯಾರಿಗೆ? ಡ್ರಾಯಿಂಗ್ ಬದಲಾದರೆ ಯಾರ ಸಹಿ? ಇವು ತೀರ್ಮಾನವಾಗದಿದ್ದರೆ ತಪ್ಪು ಹೊರಿಸುವ ಆಟ ಮತ್ತೆ ಶುರುವಾಗುತ್ತದೆ.

ನನಗೆ ಅತಿ ಮುಖ್ಯವೆನಿಸುವುದು ಇನ್ನೊಂದಿದೆ. 1990ರ ದಶಕದಲ್ಲಿ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ನಿರೀಕ್ಷೆ. ದಾಖಲೆಯಲ್ಲಿ ಕಂಡದ್ದು ಹೆಚ್ಚು. ಆ ವಾರ್ಡ್‌ಗಳಲ್ಲಿ ತಪ್ಪುಗಳನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದೇ ಅದಕ್ಕೆ ಅವರು ಕಂಡುಕೊಂಡ ವಿವರಣೆ. ನಮ್ಮ ಕಾರ್ಖಾನೆಗಳಲ್ಲಿ ಹಿರಿಯರ ಮುಂದೆ ಕೆಟ್ಟ ಸುದ್ದಿ ಹೇಳಲು ಕಿರಿಯರಿಗೆ ನಾಲಿಗೆ ಹೊರಳುವುದಿಲ್ಲ. ಅಳತೆ ತಪ್ಪಿದ ತುಂಡನ್ನು ಆಪರೇಟರ್ ತಾನಾಗಿ ತಂದು ತೋರಿಸಿದಾಗ ‘ಯಾರು ಮಾಡಿದ್ದು?’ ಎಂದು ಕೇಳಬೇಡಿ, ‘ಎಲ್ಲಿಂದ ಶುರುವಾಯಿತು?’ ಎಂದು ಕೇಳಿ. ಎಲ್ಲರೂ ನಿಮ್ಮ ಆ ಮೊದಲ ಪ್ರತಿಕ್ರಿಯೆಯನ್ನೇ ನೋಡುತ್ತಿರುತ್ತಾರೆ.

ವಿಭಾಗದ ಮುಖ್ಯಸ್ಥರು ಸಮಯ ಕೊಡಲು ಒಪ್ಪದಿದ್ದರೆ ಸುಮ್ಮನಿರಬೇಡಿ. ಇರುವ ಜನರ ಇರುವ ಗಂಟೆಗಳಲ್ಲಿ ನಾಲ್ಕು ತಿಂಗಳು ಸಾಲದು ಎಂದು ಲೆಕ್ಕ ಸಮೇತ ಆಡಳಿತಕ್ಕೆ ಈಗಲೇ ಬರೆದು ಕೊಡಿ. ಚಿಕ್ಕಮಗಳೂರಿಗೆ ಮೊದಲ ಸ್ಯಾಂಪಲ್ ಪಾಸಾದ ಮೇಲೆ ಹೋಗಿ, ಮನೆಯವರನ್ನೂ ಕರೆದುಕೊಂಡು.