ಸೊಲೆನಾಯ್ಡ್, ಸೆನ್ಸರ್ ಎರಡೂ ಹೊಸದು ಹಾಕಿದ ಮೇಲೂ ಗೇರ್‌ಬಾಕ್ಸ್ ಕೋಡ್ ಮತ್ತೆ ಬರುತ್ತಿದೆ, ಇನ್ನೇನು ಬದಲಿಸಲಿ?

ಸದ್ಯಕ್ಕೆ ಏನೂ ಬದಲಿಸಬೇಡಿ. ಇನ್ನೊಂದು ಪಾರ್ಟ್ ತರುವ ಮೊದಲು ಒಂದು ಮಲ್ಟಿಮೀಟರ್ ಹಿಡಿದುಕೊಂಡು ಅರ್ಧ ದಿನ ಗಾಡಿಯ ಕೆಳಗೆ ಕಳೆಯಿರಿ.

ನೀವು ಹೇಳಿದ್ದು ಇಷ್ಟು: ಆಟೋಮ್ಯಾಟಿಕ್ ಗಾಡಿ, ಪಿ 0700, ಪಿ 0753, ಪಿ 0722 ಮೂರೂ ಕೋಡ್ (ಗಾಡಿಯ ಕಂಪ್ಯೂಟರ್ ದಾಖಲಿಸುವ ದೋಷದ ನಂಬರ್) ಬಂದವು. ಶಿಫ್ಟ್ ಸೊಲೆನಾಯ್ಡ್ (ಗೇರ್ ಬದಲಿಸಲು ಎಣ್ಣೆಯ ದಾರಿ ತೆರೆದು ಮುಚ್ಚುವ ಕರೆಂಟ್ ವಾಲ್ವ್), ಔಟ್‌ಪುಟ್ ಸ್ಪೀಡ್ ಸೆನ್ಸರ್ (ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ವೇಗ ಅಳೆಯುವುದು), ಎಣ್ಣೆ ಎಲ್ಲ ಹೊಸದು. ಕೋಡ್ ಅಳಿಸಿದರೆ 0753 ಕೀ ತಿರುಗಿಸಿದ ಕೂಡಲೇ ವಾಪಸ್, 0722 ಸ್ವಲ್ಪ ದೂರ ಓಡಿಸಿದ ಮೇಲೆ. ಆಮೇಲೆ ಗಾಡಿ ಒಂದೇ ಗೇರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಪಿ 0700 ಅನ್ನು ಪಕ್ಕಕ್ಕಿಡಿ. ಗೇರ್‌ಬಾಕ್ಸ್ ಕಂಪ್ಯೂಟರ್ "ನನ್ನ ಹತ್ತಿರ ಒಂದು ದೂರು ಇದೆ, ದೀಪ ಹಚ್ಚಪ್ಪಾ" ಅಂತ ಎಂಜಿನ್ ಕಂಪ್ಯೂಟರಿಗೆ ಕಳಿಸಿದ ಚೀಟಿ ಅದು, ಅಷ್ಟೇ. ನಿಜವಾದ ಸುಳಿವು ಇರುವುದು ಪಿ 0753ರಲ್ಲಿ. ಅದು "ಸೊಲೆನಾಯ್ಡ್ ಕೆಟ್ಟಿದೆ" ಅನ್ನುತ್ತಿಲ್ಲ, "ಸೊಲೆನಾಯ್ಡ್ ಎ ಕಡೆಗೆ ಹೋಗುವ ಕರೆಂಟಿನ ದಾರಿಯಲ್ಲಿ ಎಲ್ಲೋ ತೊಂದರೆ" ಅನ್ನುತ್ತಿದೆ. ದಾರಿ ಅಂದರೆ ಕಂಪ್ಯೂಟರಿನ ಪಿನ್ನು, ವೈರು, ಕನೆಕ್ಟರ್, ಸೊಲೆನಾಯ್ಡಿನ ಒಳಗಿನ ಕಾಯಿಲ್, ಅರ್ಥ್ ಎಲ್ಲವೂ. ನೀವು ಬದಲಿಸಿದ್ದು ಅದರಲ್ಲಿ ಒಂದೇ ಒಂದು ತುಂಡು. ಇದೇ ಪಿ 0751 ಬಂದಿದ್ದರೆ ಮಾತೇ ಬೇರೆ, ಅಲ್ಲಿ ಸಾಮಾನ್ಯವಾಗಿ ಕರೆಂಟ್ ಸರಿಯಾಗಿ ಹೋಗುತ್ತಿರುತ್ತದೆ, ಕೆಲಸ ಆಗುತ್ತಿರುವುದಿಲ್ಲ, ಆಗ ವಾಲ್ವ್ ಬಾಡಿಯ (ಗೇರ್‌ಬಾಕ್ಸ್ ಒಳಗೆ ಎಣ್ಣೆಯ ದಾರಿಗಳಿರುವ ಭಾಗ) ಕಸವನ್ನೋ ಎಣ್ಣೆಯ ಪ್ರೆಶರನ್ನೋ ನೋಡಬೇಕು. ಕೀ ತಿರುಗಿಸಿದ ತಕ್ಷಣ, ಎಂಜಿನ್ ಶುರುವಾಗುವ ಮೊದಲೇ ಕೋಡ್ ಬರುತ್ತದೆ ಅಂದರೆ ಅದು ಬಹುತೇಕ ವೈರಿನ ಜಗಳ. ಎಣ್ಣೆಯ ಪ್ರೆಶರ್ ಇನ್ನೂ ಎದ್ದೇ ಇಲ್ವಲ್ಲ.

ಇನ್ನೊಂದು ವಿಷಯ, ಎರಡು ಬೇರೆ ಬೇರೆ ಪಾರ್ಟ್‌ಗಳು ಒಂದೇ ದಿನ ಸಾಯುವುದು ಅಪರೂಪ. ಎಷ್ಟೋ ಗಾಡಿಗಳಲ್ಲಿ ಇವೆರಡರ ವೈರುಗಳೂ ಒಂದೇ ಕಟ್ಟಿನಲ್ಲಿ ಬರುತ್ತವೆ. ಹಾಗಾಗಿ ನಾನಾಗಿದ್ದರೆ ಗೇರ್‌ಬಾಕ್ಸ್ ಮೈಮೇಲಿನ ದೊಡ್ಡ ಕನೆಕ್ಟರ್ ಮೊದಲು ಬಿಚ್ಚುತ್ತಿದ್ದೆ. ಒಳಗೆ ಎಣ್ಣೆ ಇದೆಯಾ ನೋಡಿ. ಸೀಲ್ ಹೋಗಿದ್ದರೆ ಎಣ್ಣೆ ಹೊರಗೆ ಬರುತ್ತದೆ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ವೈರಿನ ಒಳಗಿಂದಲೇ ಹತ್ತಿಕೊಂಡು ಕೆಲವು ಸಲ ಕಂಪ್ಯೂಟರ್ ತನಕ ಹೋಗಿರುತ್ತದೆ. ಪಿನ್ನು ಹಸಿರಾಗಿದೆಯಾ, ಒಳಕ್ಕೆ ಸರಿದಿದೆಯಾ ಅದನ್ನೂ ನೋಡಿ.

ಆಮೇಲೆ ಅಳತೆ. ಕೀ ಆಫ್ ಮಾಡಿ, ಬ್ಯಾಟರಿ ವೈರ್ ಬಿಚ್ಚಿ, ಕಂಪ್ಯೂಟರಿನ ಪ್ಲಗ್ ಕಳಚಿ, ಅಲ್ಲಿಂದ ಸೊಲೆನಾಯ್ಡಿನ ಓಮ್ (ಕರೆಂಟಿಗೆ ಇರುವ ತಡೆ) ಅಳೆಯಿರಿ. ಅದೇ ಅಳತೆ ಗೇರ್‌ಬಾಕ್ಸ್ ಕನೆಕ್ಟರ್ ಹತ್ತಿರವೂ ತೆಗೆದುಕೊಳ್ಳಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಗೇರ್‌ಬಾಕ್ಸ್ ಹತ್ತಿರ 15 ಓಮ್, ಕಂಪ್ಯೂಟರ್ ತುದಿಯಲ್ಲಿ 40 ಬಂದರೆ ಕಳ್ಳ ನಡುವಿನ ವೈರಿನಲ್ಲಿದ್ದಾನೆ. ಸರಿಯಾದ ಅಂಕಿ ಎಷ್ಟು ಅನ್ನುವುದನ್ನು ನಿಮ್ಮ ಗಾಡಿಯ ಸರ್ವೀಸ್ ಮ್ಯಾನ್ಯುಯಲ್‌ನಲ್ಲೇ ನೋಡಿ, ಒಂದೊಂದು ಗೇರ್‌ಬಾಕ್ಸಿಗೆ ಒಂದೊಂದು. ತಣ್ಣಗಿದ್ದಾಗ 15 ಇದ್ದದ್ದು 100 ಡಿಗ್ರಿ ಬಿಸಿಯಲ್ಲಿ ಸುಮಾರು 20 ಆಗುವುದು ಸಹಜ, ತಾಮ್ರದ ಗುಣವೇ ಅದು, ಗಾಬರಿ ಬೇಡ.

ಬಿಚ್ಚಿದ ಪ್ಲಗ್, ಕನೆಕ್ಟರ್, ಬ್ಯಾಟರಿ ಎಲ್ಲ ವಾಪಸ್ ಜೋಡಿಸಿ ಅರ್ಥ್ ನೋಡಿ. ಓಮ್‌ನಲ್ಲಿ ಅಳೆಯಬೇಡಿ, ಒಂದೇ ಎಳೆ ಉಳಿದಿದ್ದರೂ ಮೀಟರ್ ಸರಿ ಅನ್ನುತ್ತದೆ. ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ, ಬ್ಯಾಟರಿ ಮೈನಸ್‌ನಿಂದ ಗೇರ್‌ಬಾಕ್ಸ್ ಮೈಗೆ ಎಷ್ಟು ವೋಲ್ಟ್ ಬರುತ್ತದೆ ನೋಡಿ. 0.1 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ.

ನಾನು ಪಾಠ ಕಲಿತದ್ದು ಪಿ 0722ರಿಂದಲೇ, ಅಂದರೆ ಔಟ್‌ಪುಟ್ ಸ್ಪೀಡ್ ಸೆನ್ಸರಿನಿಂದ ಸಿಗ್ನಲ್ ಬರುತ್ತಿಲ್ಲ ಅನ್ನುವ ಕೋಡಿನಿಂದ. ಮೊದಲು ಒಂದು ಸೆನ್ಸರ್ ಹಾಕಿದೆ, ಎರಡು ದಿನಕ್ಕೆ ಕೋಡ್ ವಾಪಸ್, ಸೆನ್ಸರೇ ಡೂಪ್ಲಿಕೇಟ್ ಇರಬೇಕು ಅಂತ ಬೈದುಕೊಂಡು ಇನ್ನೊಂದು ಹಾಕಿದೆ, ಅದೂ ಅಷ್ಟೇ. ಕೊನೆಗೆ ಮೆಕ್ಯಾನಿಕ್ ಒಬ್ಬರು ಗಾಡಿ ಓಡಿಸುತ್ತಾ ನನ್ನನ್ನು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂರಿಸಿದರು. ಗುಂಡಿಗೆ ಇಳಿದಾಗಲೆಲ್ಲ ಸ್ಪೀಡ್ ಸೊನ್ನೆಗೆ ಬೀಳುತ್ತಿತ್ತು. ನಿಲ್ಲಿಸಿ ಹುಡುಕಿದರೆ ಒಂದು ಕ್ಲಿಪ್ ಹತ್ತಿರ ವೈರಿನ ಮೇಲಿನ ಪ್ಲಾಸ್ಟಿಕ್ ಚೆನ್ನಾಗೇ ಇದೆ, ಒಳಗಿನ ತಾಮ್ರ ತುಂಡಾಗಿದೆ! ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ, ಎಳೆದಾಗ ರಬ್ಬರ್ ಹಾಗೆ ಉದ್ದವಾಯಿತು. ಎರಡು ಸೆನ್ಸರ್ ದುಡ್ಡು ಸುಮ್ನೆ ಹೋಯಿತು.

ಸೆನ್ಸರಿಗೆ ಎರಡು ವೈರೋ ಮೂರೋ ಎಣಿಸಿ. ಎರಡಿದ್ದರೆ ಸಾಮಾನ್ಯವಾಗಿ ಅದು ತಾನೇ ಎಸಿ ವೋಲ್ಟೇಜ್ ಹುಟ್ಟಿಸುವ ಜಾತಿ. ಮೂರಿದ್ದರೆ ಹೊರಗಿಂದ ಕರೆಂಟ್ ಬೇಕು, ಕೀ ಆನ್ ಮಾಡಿ ಪ್ಲಗ್‌ನಲ್ಲಿ ಅದು ಬರುತ್ತಿದೆಯಾ ನೋಡಿ. ಬರದಿದ್ದರೆ ಹತ್ತು ಸೆನ್ಸರ್ ಹಾಕಿದರೂ ಅಷ್ಟೇ.

ಕಂಪ್ಯೂಟರ್ ಹೋಗಿದೆ ಅಂತ ಯಾರಾದರೂ ಹೇಳಿದರೆ, ಈ ಅಳತೆಗಳು ಮುಗಿಯುವ ತನಕ ಒಪ್ಪಬೇಡಿ. ಕನೆಕ್ಟರ್ ಬಿಚ್ಚಿದಾಗ ಎಣ್ಣೆ ಕಂಡಿತೋ ಇಲ್ಲವೋ, ಎರಡೂ ತುದಿಯ ಓಮ್ ಎಷ್ಟು ಬಂತು, ಇಲ್ಲೇ ಬರೆಯಿರಿ, ಮುಂದೆ ನೋಡೋಣ.